ಯಾವ ರೈಫಲ್ ತಗೊಳ್ಲಿ ಅಣ್ಣಾ?

ಮೊನ್ನೆ ರಾತ್ರಿ ಹತ್ತೂವರೆಗೆ ಊರಿಂದ ಫೋನು. ಆ ಹೊತ್ತಿಗೆ ಊರಿನ ನಂಬರು ಕಂಡರೆ ಎದೆ ಧಸಕ್ಕನ್ನುತ್ತದೆ, ಯಾರಿಗೆ ಏನಾಯಿತೋ ಅಂತ. ಎತ್ತಿದರೆ ಕಾಕಾನ ಮಗ.

"ಎಲ್ಲಾರೂ ಆರಾಮ ಅಣ್ಣಾ. ಒಂದು ಮಾತು ಕೇಳೋದಿತ್ತು. ಬೋಲ್ಟ್ ಆಕ್ಷನ್ ರೈಫಲ್ ತಗೋಬೇಕಂತ ಮಾಡೇನಿ, ಮ್ಯಾಲ ಒಂದು ಸ್ಕೋಪು. ಎಲ್ಲಾ ಕೂಡಿ ದೀಡ ಲಕ್ಷದೊಳಗ ಮುಗೀಬೇಕು. ಯಾವ್ದು ಛಲೋ?"

ನನ್ನನ್ನೇ ಯಾಕೆ ಕೇಳಿದ ಅಂದರೆ, ನಮ್ಮ ಮನೆತನದಲ್ಲಿ ಬಂದೂಕಿನ ವಿಷಯಕ್ಕೆ ನಾನೇ ದೊಡ್ಡ 'ಎಕ್ಸ್‌ಪರ್ಟು'. ಧಾರವಾಡದಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿದ್ದೆ, .22 ರೈಫಲಿನಲ್ಲಿ ಗುರಿ ಹೊಡೆದು ಒಂದು ಸರ್ಟಿಫಿಕೇಟು ತಂದಿದ್ದೆ. ಅವ್ವ ಅದಕ್ಕೆ ಗ್ಲಾಸು ಹಾಕಿಸಿ ಪಡಸಾಲಿಯಲ್ಲಿ ತೂಗುಹಾಕಿದ್ದಾಳೆ. ಆಮೇಲೆ ಆ ಹುಚ್ಚು ಓದುವುದರಲ್ಲಿ ಮುಂದುವರಿಯಿತೇ ಹೊರತು ಕೈಗೆ ಬಂದೂಕು ಬರಲಿಲ್ಲ. ಆದರೂ ಊರಿನವರ ಲೆಕ್ಕದಲ್ಲಿ ನಾನು ಬಂದೂಕು ಬಲ್ಲವ :-)

ಅವನ ಸಂಕಟ ಸುಳ್ಳಲ್ಲ. ನಮ್ಮ ಹೊಲ ಕಿತ್ತೂರಿನ ಪಡುವಣಕ್ಕೆ, ಖಾನಾಪುರದ ಅಡವಿಯ ಕಡೆ. ಈ ಸಲ ಗೋವಿನಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಅಡವಿ ಹಂದಿಗಳ ಹಿಂಡು ಮೂರು ರಾತ್ರಿ ಬಂದಿದೆ. ಹಂದಿ ತಿನ್ನುವುದಕ್ಕಿಂತ ಕೆಡವುವುದೇ ಹೆಚ್ಚು. ಒಂದು ತೆನೆ ತಿನ್ನಲು ಹತ್ತು ದಂಟು ಮುರಿಯುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಯಾರೋ ಹೊಲದಲ್ಲಿ ಕುಸ್ತಿ ಆಡಿದ ಹಾಗೆ. ಬೀಜ, ಗೊಬ್ಬರದ ಸಾಲ ಮಾತ್ರ ಮುರಿಯದೆ ಹಾಗೇ ನಿಂತಿರುತ್ತದೆ. ಅಂಥ ಬೆಳಿಗ್ಗೆ ಮೊಬೈಲಿನಲ್ಲಿ ಟೆಕ್ಸಸ್ಸಿನ ವಿಡಿಯೋ ಕಂಡರೆ ಯಾರಿಗೂ ಆಸೆ ಹುಟ್ಟುವುದು ಸಹಜ. ಟೋಪಿ ಹಾಕಿಕೊಂಡ ಒಬ್ಬ ರೈತ, ಜೀಪಿನ ಬಾನೆಟ್ ಮೇಲೆ ರೈಫಲ್ ಇಟ್ಟು, ಇನ್ನೂರು ಗಜ ದೂರದ ಹಂದಿಯನ್ನು ಒಂದೇ ಗುಂಡಿಗೆ ಕೆಡವುತ್ತಾನೆ. "ನೋಡಣ್ಣಾ, ಅಲ್ಲಿ ಲೈಸೆನ್ಸೂ ಬೇಕಿಲ್ಲಂತ" ಅಂದ ನಮ್ಮ ಹುಡುಗ.

ಹೌದು, ಟೆಕ್ಸಸ್ಸಿನಲ್ಲಿ 2019ರಿಂದ ಖಾಸಗಿ ಜಮೀನಿನಲ್ಲಿ, ಮಾಲೀಕನ ಒಪ್ಪಿಗೆ ಇದ್ದರೆ, ಆ ಹಂದಿ ಹೊಡೆಯಲು ಬೇಟೆಯ ಲೈಸೆನ್ಸು ಬೇಕಿಲ್ಲ. ಅಲ್ಲಿಯ ಹಂದಿ ಆ ನಾಡಿನ ಮೂಲ ಪ್ರಾಣಿಯೇ ಅಲ್ಲ, ಯುರೋಪಿನವರು ತಂದು ಬಿಟ್ಟ ಸಾಕು ಹಂದಿಯ ವಂಶ. ನಮ್ಮದು ಇಲ್ಲಿಯದೇ ಅಡವಿಯ ಜೀವ. ಹುಲಿ ಚಿರತೆಗಳ ಊಟ. ಕಾನೂನು ಬೇರೆಯಾಗುವುದು ಅಲ್ಲಿಂದಲೇ.

ಮೊದಲು ಅವನು ಕೇಳಿದ್ದಕ್ಕೆ ನೇರ ಉತ್ತರ ಕೊಡೋಣ, ಆಮೇಲೆ ನನ್ನ ಜಗಳ.

ಅಮೆರಿಕದಲ್ಲಿರುವ ನನ್ನ ಒಬ್ಬ ಗೆಳೆಯ ಜಿಂಕೆ ಬೇಟೆಗೆ ಹೋಗುತ್ತಾನೆ (ಬೈಲಹೊಂಗಲದ ಲಿಂಗಾಯತರ ಹುಡುಗ, ಮನೆಯಲ್ಲಿ ಗೊತ್ತಿಲ್ಲ, ಹೆಸರು ಹೇಳುವುದಿಲ್ಲ!). ಅಲ್ಲಿ ಕಡಿಮೆ ರೊಕ್ಕದ ರೈಫಲ್ ಅಂದರೆ ಸ್ಯಾವೇಜ್ ಆಕ್ಸಿಸ್, ರೂಗರ್ ಅಮೆರಿಕನ್. ಎರಡೂ ಪ್ಲಾಸ್ಟಿಕ್ ಹಿಡಿಯ, ನೋಡಲು ಬಡ, ಹೊಡೆಯಲು ನಂಬಿಗಸ್ತ ಬಂದೂಕುಗಳು. ಅವನ ತತ್ವ ಇಷ್ಟೇ: ಈಗಿನ ಅಗ್ಗದ ರೈಫಲ್ಲೂ ಹೊಡೆಯುವವನಿಗಿಂತ ಚೆನ್ನಾಗಿಯೇ ಹೊಡೆಯುತ್ತದೆ, ಆದ್ದರಿಂದ ಅದರಲ್ಲಿ ಉಳಿಸಿದ ರೊಕ್ಕವನ್ನು ಸ್ಕೋಪಿಗೆ, ಸ್ಕೋಪು ಕೂಡಿಸುವ ಹಿಡಿಕೆಗೆ, ತಾಲೀಮಿನ ಗುಂಡಿಗೆ ಹಾಕಬೇಕು. ಸ್ಕೋಪಿನಲ್ಲಿ 3-9x40 ಸಾಕು. ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 40 ಮಿಲಿಮೀಟರ್ ಅಗಲ. ಹೊಸಬರು ಅದನ್ನು ಸದಾ ಒಂಬತ್ತಕ್ಕೇ ತಿರುಗಿಸಿಟ್ಟುಕೊಳ್ಳುತ್ತಾರೆ. ಆಗ ಗುರಿ ದೊಡ್ಡದಾಗುತ್ತದೆ, ಸುತ್ತಲಿನ ಲೋಕ ಮಾಯವಾಗುತ್ತದೆ. ಹತ್ತಿರದಲ್ಲಿ ಪ್ರಾಣಿ ಓಡಿದರೆ ಬರೀ ಕೂದಲು ಕಾಣುತ್ತದಂತೆ. ಇನ್ನೊಂದು ಮಾತು, ಕಣ್ಣಿಗೂ ಸ್ಕೋಪಿಗೂ ಮೂರು ಮೂರೂವರೆ ಇಂಚು ಅಂತರ ಇಡದವನ ಹುಬ್ಬು ಒಡೆಯುವುದು ಗ್ಯಾರಂಟಿ.

ಇದೆಲ್ಲ ಸರಿ. ಆದರೆ ಈ ಬಂದೂಕುಗಳು ನಮ್ಮ ಅಂಗಡಿಗೆ ಬರುವುದೇ ಇಲ್ಲ. 1980ರ ದಶಕದ ಮಧ್ಯದಿಂದ ಸಾಮಾನ್ಯ ಜನ ಹೊರದೇಶದಿಂದ ಬಂದೂಕು ತರಿಸುವುದು ನಿಂತಿದೆ. ಹೆಸರು ಮಾಡಿದ ಶೂಟಿಂಗ್ ಕ್ರೀಡಾಪಟುಗಳಿಗೆ ಮಾತ್ರ ವಿನಾಯಿತಿ. ಅದಕ್ಕೂ ಮೊದಲು ಬಂದ ಹಳೆಯ ಮೌಸರ್, ವಿಂಚೆಸ್ಟರ್‌ಗಳು ಕೈಯಿಂದ ಕೈಗೆ ಹೋಗುತ್ತ ಚಿನ್ನದ ರೇಟಿನಲ್ಲಿವೆ. ನಮ್ಮಂಥವರಿಗೆ ಉಳಿಯುವುದು .315 ಸ್ಪೋರ್ಟಿಂಗ್ ರೈಫಲ್. ಕೋಲ್ಕತ್ತದ ಹತ್ತಿರದ ಇಶಾಪುರದ್ದು. 2021ರಲ್ಲಿ ಆರ್ಡನನ್ಸ್ ಫ್ಯಾಕ್ಟರಿಗಳನ್ನು ಏಳು ಕಂಪನಿ ಮಾಡಿದ ಮೇಲೆ ಅದು ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಕಂಪನಿಯ ಕೆಳಗಿದೆ. ತೋಟಾ ಪುಣೆಯ ಖಡಕಿಯದ್ದು.

ಈ .315ರ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. ಬ್ರಿಟಿಷ್ ಸೈನ್ಯದ್ದು .303 ಗುಂಡು. ಅದೇ ಗುಂಡಿನ ಬಂದೂಕು ಜನರ ಕೈಯಲ್ಲಿದ್ದರೆ, ನಾಳೆ ಸೈನ್ಯದ ಗುಂಡು ಕದ್ದು ಅವರ ಮೇಲೇ ಹಾರಿಸಬಹುದಲ್ಲ? ಅದಕ್ಕೇ ಆಸ್ಟ್ರಿಯಾದ ಒಂದು ಎಂಟು ಮಿಲಿಮೀಟರ್ ತೋಟಾ ಹಿಡಿದು, ಸೈನ್ಯದ ಬಂದೂಕಿಗೆ ಹೊಂದದ ಬೇರೆ ಅಳತೆಯನ್ನು ಹಿಂದೂಸ್ತಾನದ ಜನಕ್ಕೆ ಕೊಟ್ಟರು. ಸಾಹೇಬ ಹೋಗಿ ಇಷ್ಟು ವರ್ಷ ಆಯಿತು, ಅವನ ಅಂಜಿಕೆ ಮಾತ್ರ ಇನ್ನೂ ನಮ್ಮ ಫ್ಯಾಕ್ಟರಿಯಲ್ಲಿ ತಯಾರಾಗುತ್ತಿದೆ.

ಬಂದೂಕು ಕೆಟ್ಟದ್ದಲ್ಲ, ಲೀ ಎನ್‌ಫೀಲ್ಡ್ ಸಂತತಿ. ಹಳೆಯದು ಕೊಳ್ಳುವವರು ಬೋಲ್ಟ್ ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಒಳಗಿನ ಸುರುಳಿ ಗೆರೆ ಚೂಪಾಗಿ ಹೊಳೆಯಬೇಕು, ತುಕ್ಕು ತಿಂದ ಗುಂಡಿ ಇರಬಾರದು. ಬಂದೂಕಿನ ಮೇಲಿನ ನಂಬರೂ ಕಾಗದದ ನಂಬರೂ ಒಂದೇ ಇರಬೇಕು. ಆದರೆ ಸ್ಕೋಪಿನ ಆಸೆ ಇದ್ದರೆ ಇದು ತಾಪತ್ರಯದ ಬಂದೂಕು. ಇದನ್ನು ಮಾಡಿದ್ದೇ ಕಬ್ಬಿಣದ ಸೈಟಿನಲ್ಲಿ ನೋಡಿ ಹೊಡೆಯಲು. ಸ್ಕೋಪು ಕೂಡಿಸಬೇಕೆಂದರೆ ಲೈಸೆನ್ಸು ಇರುವ ಕಮ್ಮಾರನ ಕೈಯಲ್ಲೇ ಕೆಲಸ ಆಗಬೇಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬಂದೂಕಿಗೆ ತೂತು ಕೊರೆಸಿದರೆ ಅದು ಆಯುಧ ಕಾಯ್ದೆಯ ಕೇಸು, ಸ್ಕೋಪೂ ಎರಡನೇ ಗುಂಡಿಗೆ ಸಡಿಲ.

ಇಷ್ಟು ಹೇಳಿ, "ತಮ್ಮಾ, ಇದ್ಯಾವ್ದೂ ತಗೋಬ್ಯಾಡ" ಅಂದೆ. ಆ ಕಡೆ ಸಪ್ಪಳವೇ ಇಲ್ಲ.

ಈಗ ನನ್ನ ಜಗಳ.

ಕಾನೂನಿನ ಮಾತು ಮೊದಲು. 1959ರ ಆಯುಧ ಕಾಯ್ದೆಯ 13ನೇ ಕಲಮು ಬೆಳೆ ಕಾಯಲು ಏನು ಕೊಡಬೇಕೆಂದು ಬಿಡಿಸಿ ಹೇಳಿದೆ. ಬಾಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಅಂತ ಲೈಸೆನ್ಸು ಕೊಡುವ ಅಧಿಕಾರಿಗೆ ಅನ್ನಿಸಿದರೆ ಬೇರೆ ನುಣುಪು ನಳಿಗೆಯ ಬಂದೂಕು, ನಳಿಗೆ 20 ಇಂಚಿಗೆ ಕಡಿಮೆ ಇರಬಾರದು. ಅಂದರೆ ನಮ್ಮ ಹನ್ನೆರಡು ಬೋರಿನ ಒಂಟಿ ನಳಿಗೆ, ಜೋಡಿ ನಳಿಗೆ. ಸುರುಳಿ ಗೆರೆಯ ರೈಫಲಿನ ಹೆಸರು ಬೆಳೆಯ ಸಾಲಿನಲ್ಲಿ ಇಲ್ಲ. ಬೇರೆ 'ಒಳ್ಳೆಯ ಕಾರಣ' ತೋರಿಸಿ ಕೇಳಬಹುದು, ಕೊಡುವುದು ಬಿಡುವುದು ಡಿಸಿ ಸಾಹೇಬರಿಗೆ ಬಿಟ್ಟದ್ದು. 2016ರ ನಿಯಮದ ಪ್ರಕಾರ ಬಂದೂಕು ಹಿಡಿಯುವ ತರಬೇತಿಯೂ ಆಗಬೇಕು.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ, ಲೈಸೆನ್ಸು ಸಿಕ್ಕರೆ ಹಂದಿ ಹೊಡೆಯಬಹುದು ಅಂತ. ತಪ್ಪು! ಬಂದೂಕಿನ ಲೈಸೆನ್ಸು ಬೇರೆ, ಪ್ರಾಣಿಯ ಅನುಮತಿ ಬೇರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ 2022ರ ತಿದ್ದುಪಡಿ ಆದ ಮೇಲೆ ಅಡವಿ ಹಂದಿ ಎರಡನೇ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಅಪಾಯ ಅಂತ ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು, 11ನೇ ಕಲಮಿನ ಕೆಳಗೆ, ಕಾರಣ ಬರೆದು, ಹೊಡೆಯಲು ಅನುಮತಿ ಕೊಡಬಹುದು. ಆ ಕಾಗದ ಇಲ್ಲದೆ ಹೊಡೆದರೆ, ಕಾಯ್ದೆಯ ಭಾಷೆಯಲ್ಲಿ ಅದು ಬೇಟೆ. ಗಾಯ ಮಾಡಿದರೂ, ಉರುಳು ಹಾಕಿದರೂ ಬೇಟೆಯೇ. ಇನ್ನು ಸವದತ್ತಿ, ರಾಮದುರ್ಗದ ಕಡೆಯ ಎರಿ ಹೊಲದವರು ಬೈಯುವ ಚಿಗರಿ, ನವಿಲುಗಳಂತೂ ಮೊದಲನೇ ಪಟ್ಟಿಯಲ್ಲಿವೆ. ಅವುಗಳಿಗೆ ಬೆಳೆಯ ಕಾರಣವೂ ನಡೆಯುವುದಿಲ್ಲ.

ಏರ್‌ಗನ್ನಿಗೆ ಲೈಸೆನ್ಸು ಬೇಡವಲ್ಲ ಅಂತ ಅವನು ಕೇಳಿಯೇ ಕೇಳಿದ. .177 ಬೋರಿನ, 20 ಜೌಲ್ ಒಳಗಿನ ಏರ್ ರೈಫಲಿಗೆ ಬೇಡ, ನಿಜ. ಆದರೆ .315ರ ಗುಂಡಿನ ಬಲ ಮೂರು ಸಾವಿರ ಜೌಲಿನ ಆಸುಪಾಸು. ಇದರಿಂದ ಹಂದಿಗೆ ಹೊಡೆದರೆ ಅದು ಸಾಯುವುದಿಲ್ಲ, ಸಿಟ್ಟಿಗೇಳುತ್ತದೆ. ಹುಣ್ಣಾಗಿ ವಾರಗಟ್ಟಲೆ ಕೊಳೆತು ಸಾಯಲೂಬಹುದು. ಮತ್ತು ಅದೂ ಬೇಟೆಯೇ.

ಆದರೆ ನಾನು ಬ್ಯಾಡ ಅಂದದ್ದು ಕಾನೂನಿಗೆ ಹೆದರಿ ಮಾತ್ರ ಅಲ್ಲ. ಒಂದು ರಾತ್ರಿ ನೆನಪಾಗಿ.

ನಾನು ಹೈಸ್ಕೂಲಿನಲ್ಲಿದ್ದೆ. ದೊಡ್ಡಪ್ಪನ ಹತ್ತಿರ ಅಜ್ಜನ ಕಾಲದ, ಲೈಸೆನ್ಸು ಇದ್ದ ಒಂಟಿ ನಳಿಗೆ ಇತ್ತು. ಶೇಂಗಾ ಕಾಯಲು ಅವನ ಜೊತೆ ಅಟ್ಟಣಿಗೆಯ ಮೇಲೆ ಮಲಗಿದ್ದೆ. ಅಮವಾಸ್ಯೆ ಹತ್ತಿರದ ಕತ್ತಲೆ. ಒಂದೂವರೆ ಎರಡರ ಹೊತ್ತಿಗೆ ಕಬ್ಬಿನ ಅಂಚಿನಲ್ಲಿ ಸರಸರ ಸಪ್ಪಳ. ನಿಂತು, ಮತ್ತೆ ಸರಸರ. ದೊಡ್ಡಪ್ಪ ಬಂದೂಕು ಎತ್ತಿದ. ಕುದುರೆ ಎಳೆದ ಕಟಕ್ ಶಬ್ದ ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ಬ್ಯಾಟರಿ ಹಿಡಿಯಬೇಕಿತ್ತು, ಗಾಬರಿಯಲ್ಲಿ ಅದು ಕೈಜಾರಿ ಕೆಳಗೆ ಬಿತ್ತು. ಬಿದ್ದ ಸಪ್ಪಳಕ್ಕೆ ಕಬ್ಬಿನೊಳಗಿಂದ ದನಿ ಬಂತು, "ಯಾರಪಾ ಅದು?" ಪಕ್ಕದ ಹೊಲದ ಮುದುಕ. ಕರೆಂಟು ಬಂತಂತ ಮೋಟರು ಚಾಲೂ ಮಾಡಿ, ಬಗ್ಗಿಕೊಂಡು ಕಾಲುವೆಯ ಕಸ ತೆಗೆಯುತ್ತ ಬರುತ್ತಿದ್ದ.

ದೊಡ್ಡಪ್ಪ ಬಂದೂಕು ಕೆಳಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬೀಡಿ ಹಚ್ಚಲು ಹೋದ, ಮೂರು ಕಡ್ಡಿ ಆರಿದವು. ಮರುದಿನದಿಂದ ಆ ಬಂದೂಕು ಹೊಲಕ್ಕೆ ಹೋಗಲಿಲ್ಲ. ದಸರೆಯಲ್ಲಿ ಖಂಡೇ ಪೂಜೆಗೆ ಮಾತ್ರ ಹೊರಗೆ ಬರುತ್ತಿತ್ತು.

ಪಟ್ಟಣದ ಓದುಗರಿಗೆ ಇದು ಅರ್ಥವಾಗಲು ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಎಷ್ಟೋ ದಿನ ರಾತ್ರಿಯೇ. ಕರೆಂಟು ಬಂದಾಗ ರೈತ ಹೊಲದಲ್ಲಿರಬೇಕು. ಗಂಡ ಮೋಟರಿನ ಹತ್ತಿರ, ಹೆಂಡತಿ ನೀರು ತಿರುವುತ್ತ, ಕೆಲವೊಮ್ಮೆ ಮಕ್ಕಳು ಬ್ಯಾಟರಿ ಹಿಡಿದು. ಕಬ್ಬು ಕಡಿಯುವ ಕಾಲಕ್ಕೆ ಬೇರೆ ಊರಿಂದ ಬಂದ ಗ್ಯಾಂಗು ಹೊಲದ ದಂಡೆಯಲ್ಲೇ ಗುಡಿಸಲು ಹಾಕಿರುತ್ತದೆ. ಹುಣ್ಣಿಮೆ ಬಂದರೆ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರು ಹೊಲದ ಹಾದಿ ಹಿಡಿಯುತ್ತಾರೆ. ಟೆಕ್ಸಸ್ಸಿನ ಆ ರೈತನ ಸುತ್ತ ಮೈಲಿಗಟ್ಟಲೆ ಯಾರೂ ಇಲ್ಲ. ನಮ್ಮ ಹೊಲದಲ್ಲಿ ರಾತ್ರಿ ಹಂದಿಗಿಂತ ಮಂದಿಯೇ ಹೆಚ್ಚು.

ಈಗ ರೈಫಲಿನ ಗುಂಡಿನ ಲೆಕ್ಕ ಹಾಕಿ. ನಾನು ಎನ್‌ಸಿಸಿಯಲ್ಲಿ ಹೊಡೆದ ಮಕ್ಕಳಾಟದಂಥ .22 ತೋಟಾದ ಡಬ್ಬಿಯ ಮೇಲೇ ಒಂದೂವರೆ ಮೈಲಿ ತನಕ ಅಪಾಯ ಅಂತ ಎಚ್ಚರಿಕೆ ಅಚ್ಚಾಗಿರುತ್ತದೆ. .315 ಅದರ ದೊಡ್ಡಪ್ಪ. ಬೈಲಹೊಂಗಲದಿಂದ ಆಚೆಗೆ ನೆಲ ಅಂಗೈಯಷ್ಟು ಸಪಾಟು, ಗುಂಡು ತಡೆಯಲು ಒಂದು ದಿಬ್ಬ ಇಲ್ಲ. ಗೋವಿನಜೋಳದ ದಂಟು ತಡೆಯುತ್ತದೆಯೇ? ತಪ್ಪಿದ ಗುಂಡು, ಅಥವಾ ಹಂದಿಯ ಮೈ ದಾಟಿ ಹೋದ ಗುಂಡು, ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ಹೊಡೆದವನಿಗೆ ಗೊತ್ತಿರುವುದಿಲ್ಲ. ಹಗಲು ಬೇಟೆಗೆ ಮಾಡಿದ ಅಗ್ಗದ ಸ್ಕೋಪು ಕತ್ತಲೆಯಲ್ಲಿ ಕಪ್ಪು ಗುಂಡಗಿನದನ್ನು ಇನ್ನಷ್ಟು ದೊಡ್ಡ ಕಪ್ಪು ಗುಂಡಗಿನದನ್ನಾಗಿ ತೋರಿಸುತ್ತದೆ. ಬಗ್ಗಿದ ಮುದುಕನೂ ಕಪ್ಪಗೆ, ಗುಂಡಗೇ ಇರುತ್ತಾನೆ.

ಹನ್ನೆರಡು ಬೋರಿನ ಛರ್ರೆ ಹಾಗಲ್ಲ. ಮೂವತ್ತು ನಲವತ್ತು ಗಜದಾಚೆ ಅದು ಚೆದುರುತ್ತದೆ, ಬೇಗ ಬಲ ಕಳೆದುಕೊಳ್ಳುತ್ತದೆ. ಬಂದೂಕಿನ ಜಾಹೀರಾತಿನಲ್ಲಿ ಇದನ್ನು ದೋಷ ಅನ್ನುತ್ತಾರೆ. ನನ್ನ ಪ್ರಕಾರ ನಮ್ಮ ಹೊಲಕ್ಕೆ ಅದೇ ಗುಣ. ಹತ್ತಿರ ಬಂದ ಮೇಲೆ, ಬ್ಯಾಟರಿ ಬಿಟ್ಟು, ಕಣ್ಣಾರೆ ನೋಡಿ ಹೊಡೆಯಬೇಕು. ಅದಕ್ಕೆ ಸ್ಕೋಪು ಬೇಕಿಲ್ಲ, ಒಳ್ಳೆಯ ಬ್ಯಾಟರಿ ಬೇಕು, ಅದನ್ನು ಹಿಡಿಯುವ ಇನ್ನೊಬ್ಬ ಬೇಕು (ನನ್ನಂಥವನಲ್ಲ). 1959ರಲ್ಲಿ ಆ ಕಲಮು ಬರೆದವರು ನಮ್ಮ ಹೊಲ ನೋಡಿದ್ದರೋ ಇಲ್ಲವೋ, ಬರೆದದ್ದು ಮಾತ್ರ ಸರಿಯಾಗಿದೆ.

"ಅಣ್ಣಾ, ಕಿತ್ತೂರಿನ್ಯಾಂವ ಆಗಿ ಬಂದೂಕು ಬ್ಯಾಡ ಅಂತೀಯಲ್ಲ!" ಅಂದ ಅವನು, ಅರ್ಧ ಚೇಷ್ಟೆ, ಅರ್ಧ ಸಿಟ್ಟು. ಅದು ನಾಟುವ ಮಾತೇ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಬಿದ್ದದ್ದು ಅಮಟೂರು ಬಾಳಪ್ಪನ ಗುಂಡಿಗೆ ಅಂತ ಕೇಳುತ್ತಲೇ ಬೆಳೆದವರು ನಾವು. 1857ರಲ್ಲಿ ಹತಾರ ಒಪ್ಪಿಸಿ ಅಂದಾಗ ಒಪ್ಪದೆ ನಿಂತ ಹಲಗಲಿಯ ಬೇಡರ ಊರು ರಾಮದುರ್ಗದಿಂದ ಬಹಳ ದೂರವಿಲ್ಲ. ಊರನ್ನು ಸುಟ್ಟರು, ಹಲವರನ್ನು ಗಲ್ಲಿಗೇರಿಸಿದರು. ಅದಾಗಿ ನಾಲ್ಕೇ ವರ್ಷಕ್ಕೆ, 1861ರಲ್ಲಿ, ಕೊಡಗಿನವರಿಗೆ ಬಂದೂಕಿನ ವಿನಾಯಿತಿ ಸಿಕ್ಕಿತು. ಆ ವಿನಾಯಿತಿ ಇವತ್ತಿಗೂ ಇದೆ, 2029ರ ತನಕ ಮುಂದುವರಿಸಿದ್ದಾರೆ. ನಮಗೆ ಯಾಕಿಲ್ಲ ಅಂತ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ಆದರೆ ಬಾಳಪ್ಪ ಗುರಿ ಇಟ್ಟಾಗ ಮುಂದಿದ್ದವನು ಯಾರು ಅಂತ ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ನಾನು ಕೇಳುವುದು ಅಷ್ಟನ್ನೇ.

ಹಾಗಾದರೆ ರೈತ ಏನು ಮಾಡಬೇಕು? ಸುಮ್ಮನೆ ಕೂತು ನೋಡಬೇಕೇ? ಇಲ್ಲಿ ನಾನು ಪೂರ್ತಿ ಅವನ ಕಡೆ. ಪ್ರಾಣಿ ಸರ್ಕಾರದ್ದು, ಬೆಳೆ ಮಾತ್ರ ರೈತನದ್ದು ಅನ್ನುವುದು ಅನ್ಯಾಯ. ಕೇರಳದಲ್ಲಿ 2022ರಲ್ಲಿ ಪಂಚಾಯಿತಿಯ ಮುಖ್ಯಸ್ಥರಿಗೇ ಗೌರವ ವನ್ಯಜೀವಿ ಪಾಲಕರ ಅಧಿಕಾರ ಕೊಟ್ಟರು. ಬೆಳೆ ಹಾಳುಮಾಡುವ ಹಂದಿಯನ್ನು ಲೈಸೆನ್ಸು ಇರುವ, ಪಟ್ಟಿಯಲ್ಲಿರುವ ಗುರಿಕಾರನಿಂದ ಹೊಡೆಸಲು ಅವರು ಆದೇಶ ಮಾಡಬಹುದು. ಅದರಲ್ಲೂ ಕೊರತೆ ಇದ್ದೀತು. ಆದರೂ ದಿಕ್ಕು ಅದೇ ಅನ್ನಿಸುತ್ತದೆ ನನಗೆ. ಕಿತ್ತೂರಿಗೊಬ್ಬ, ಬೈಲಹೊಂಗಲಕ್ಕೊಬ್ಬ, ತರಬೇತಾದ ಗುರಿಕಾರ ಇರಲಿ. ಅವನ ಕೈಯಲ್ಲಿ ಬೇಕಾದರೆ ಒಳ್ಳೆಯ ರೈಫಲ್, ರಾತ್ರಿ ಕಾಣುವ ಒಳ್ಳೆಯ ಸ್ಕೋಪು ಇರಲಿ, ಸರ್ಕಾರದ ರೊಕ್ಕದಲ್ಲಿ. ಅವನು ಬರುವ ರಾತ್ರಿ ಆ ಕಡೆಯ ಕರೆಂಟು ಹಗಲಿಗೆ ಕೊಡಲಿ, ಡಂಗುರ ಸಾರಲಿ, ಹೊಲದಲ್ಲಿ ಮಂದಿ ಇರದ ಹಾಗೆ ನೋಡಿಕೊಳ್ಳಲಿ. ಸಾವಿರ ರೈತರು ಸಾವಿರ ಅಗ್ಗದ ರೈಫಲ್ ಕೊಂಡು ಕತ್ತಲೆಯಲ್ಲಿ ಕೂರುವುದು ಬೇಡ.

ಅಲ್ಲಿಯ ತನಕ ದೀಡ ಲಕ್ಷದಲ್ಲಿ ಮೊದಲ ಪಾಲು ಬೇಲಿಗೆ ಹೋಗಲಿ ಅಂದೆ. ಸೋಲಾರ್ ಬೇಲಿಯ ಯಂತ್ರ ಸೆಕೆಂಡಿಗೊಮ್ಮೆ ಮಿಟುಕಿಸುವಷ್ಟು ಹೊತ್ತು ಮಾತ್ರ ಪೆಟ್ಟು ಕೊಡುತ್ತದೆ, ಕೊಲ್ಲುವುದಿಲ್ಲ. ಕಂಬದ ಲೈನಿನಿಂದ ನೇರ ತಂತಿ ಎಳೆದು ಕಟ್ಟಿದ ಬೇಲಿ ಮಾತ್ರ ಹಂದಿಯನ್ನೂ, ಎಮ್ಮೆಯನ್ನೂ, ಕಟ್ಟಿದವನ ಮಗನನ್ನೂ ಒಂದೇ ತರಹ ಕೊಲ್ಲುತ್ತದೆ. ಹಂದಿ ಜಿಗಿಯುವುದಕ್ಕಿಂತ ನುಸುಳುವುದೇ ಹೆಚ್ಚು. ಆದ್ದರಿಂದ ಮೊದಲ ತಂತಿ ನೆಲದಿಂದ ಒಂದು ಗೇಣು, ಎರಡನೆಯದು ಮೊಣಕಾಲು ಎತ್ತರ. ತಂತಿಗೆ ತಾಗುವ ಕಸ ವಾರಕ್ಕೊಮ್ಮೆ ಕೀಳಬೇಕು. ಎರಿ ಮಣ್ಣು ಬೇಸಿಗೆಯಲ್ಲಿ ಬಿರಿದು ಒಣಗಿದಾಗ ಅರ್ಥಿಂಗ್ ಸತ್ತುಹೋಗುತ್ತದೆ, ಸರಳಿನ ಬುಡಕ್ಕೆ ನೀರು ಹಾಕುತ್ತಿರಬೇಕು. ಇದನ್ನು ಮರೆತು ಬೇಲಿ ಸುಳ್ಳು ಅಂದವರನ್ನು ಬಹಳ ನೋಡಿದ್ದೇನೆ. ಇನ್ನು ಹಣ್ಣಿನಲ್ಲಿ ಸಿಡಿಮದ್ದು ಇಡುವವರ ಬಗ್ಗೆ ಏನೂ ಹೇಳುವುದಿಲ್ಲ. ಬಾಯಿ ಸೀಳಿದ ಆಕಳನ್ನು ಒಮ್ಮೆ ನೋಡಿದ್ದೇನೆ, ಸಾಕು.

ಬೇಲಿ ಆದ ಮೇಲೂ ಬಂದೂಕು ಬೇಕೇ ಬೇಕು ಅಂದರೆ, ಅರ್ಜಿ ಹಾಕಿ ಒಂಟಿ ನಳಿಗೆ ಹನ್ನೆರಡು ಬೋರು ತಗೋ. ರೈಫಲಿಗಿಂತ ಬಹಳ ಅಗ್ಗ, ಕೆಡುವ ಭಾಗ ಕಡಿಮೆ. ಗಾಳಿಗೆ ಹಾರಿಸಿದರೂ ಆ ಸಪ್ಪಳಕ್ಕೆ ಹಿಂಡು ಒಂದೆರಡು ದಿನ ಹೆದರುತ್ತದೆ. ಮತ್ತು ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಇಡಿ ಅನ್ನುವ ನೋಟಿಸು ಬರುತ್ತದೆ, ಹಂದಿಗೆ ನೀತಿ ಸಂಹಿತೆ ಗೊತ್ತಿಲ್ಲ, ಅದಕ್ಕೂ ತಯಾರಿರು ಅಂದೆ.

ಅವನು ಒಪ್ಪಿದನೋ ಇಲ್ಲವೋ ಗೊತ್ತಾಗಲಿಲ್ಲ. "ನೋಡ್ತೀನಿ ಬಿಡಣ್ಣಾ" ಅಂತ ಇಟ್ಟ. ನಾಲ್ಕು ದಿನ ಬಿಟ್ಟು ವಾಟ್ಸ್ಯಾಪಿನಲ್ಲಿ ಒಂದು ಫೋಟೋ ಬಂತು. ಹೊಲದ ದಂಡೆಗೆ ಕಲ್ಲಿನ ಕಂಬ ಸಾಲಾಗಿ ಮಲಗಿವೆ. ಕೆಳಗೆ ಬರೆದಿದ್ದ, "ತಂತಿ ಸೋಮವಾರ ಬರತೈತಿ. ದೊಡ್ಡಪ್ಪನ ಬಂದೂಕಿನ ಕಾಗದ ಎಲ್ಲಿ ಅದಾವ ಅಂತ ದೊಡ್ಡವ್ವಗ ಕೇಳು."

ಕೇಳಿಲ್ಲ ಇನ್ನೂ. ಓದುಗ ಮಿತ್ರರಲ್ಲಿ ಹೊಲ ಇರುವವರು, ಸೋಲಾರ್ ಬೇಲಿ ಹಾಕಿ ಎರಡು ಮಳೆಗಾಲ ಕಂಡವರು ಯಾರಾದರೂ ಇದ್ದರೆ ಬ್ಯಾಟರಿ ಎಷ್ಟು ದಿನ ಬಾಳಿತು ಅಂತ ಬರೆಯಿರಿ, ಅವನಿಗೆ ಓದಿ ಹೇಳುತ್ತೇನೆ.